ಎಡಬದಿಯ ಹಿಂದಿನ ಬಾಗಿಲು

ಯಳವತ್ತಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕಾರೊಂದು ಉರಿಯುತ್ತಿದೆ ಎಂಬ ಕರೆ ಬಂದಾಗ ನಾವು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಕರೆ ಮಾಡಿದವನ ದನಿಯ ಹಿಂದೆ ಹೆಂಗಸೊಬ್ಬಳ ಕೂಗು ಕೇಳುತ್ತಿತ್ತು. "ಒಳಗ ಯಾರರ ಅದಾರೇನು?" ಎಂದು ಕೇಳಿದೆ. ಆತ ಅದಕ್ಕೆ ಉತ್ತರ ಕೊಡಲಿಲ್ಲ. "ಜಲ್ದಿ ಬರ್ರಿ" ಎಂದಷ್ಟೇ ಹೇಳಿ ಫೋನು ಇಟ್ಟ. ಅಗ್ನಿಶಾಮಕ ಠಾಣೆಯ ಅಧಿಕಾರಿಯಾಗಿ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಒಳಗೆ ಯಾರೂ ಇಲ್ಲದಿದ್ದರೆ ಜನ ತಕ್ಷಣ ಇಲ್ಲ ಎನ್ನುತ್ತಾರೆ.

ಸಂಕ್ರಾಂತಿ ಕಳೆದ ಹೊಸತು. ಹುರುಳಿ ಕಿತ್ತು ಒಣಗಿಸುವ ಕಾಲ. ಲಕ್ಷ್ಮೇಶ್ವರ ಬಿಟ್ಟ ಮೇಲೆ ಅಲ್ಲಲ್ಲಿ ಡಾಂಬರಿನ ಮೇಲೆಯೇ ಹುರುಳಿ ಬಳ್ಳಿಯನ್ನು ಮೊಳಕಾಲೆತ್ತರ ಹರವಿದ್ದರು. ಓಡಾಡುವ ಗಾಡಿಗಳ ಗಾಲಿಯೇ ಒಕ್ಕಣೆ ಮಾಡುತ್ತದೆ. ನಮ್ಮ ದೊಡ್ಡ ವಾಹನದ ಚಾಲಕ ಪ್ರತಿಸಲವೂ ವೇಗ ತಗ್ಗಿಸಿ ಗೊಣಗುತ್ತ ಅದನ್ನು ದಾಟಿಸಿದ. ನನಗೂ ಸಿಟ್ಟು ಬಂತು. ತಡವಾಗುತ್ತಿದೆ ಎಂಬುದರ ಆಚೆಗೆ ಆಗ ಬೇರೇನೂ ಹೊಳೆಯಲಿಲ್ಲ.

ನಾವು ತಲುಪುವಷ್ಟರಲ್ಲಿ ಕಾರಿನ ಮುಂಭಾಗ ಸುಟ್ಟು ಕುಸಿದಿತ್ತು. ಬೆಂಕಿ ಸೀಟುಗಳಿಗೆ ಬಂದಿತ್ತು. ಸುತ್ತಲಿನ ಹೊಲಗಳಿಂದ ಓಡಿ ಬಂದವರು ಕೊಡ, ಬಕೆಟ್ಟು, ಔಷಧಿ ಹೊಡೆಯುವ ಪಂಪು, ಕೈಗೆ ಸಿಕ್ಕಿದ್ದೆಲ್ಲದರಿಂದ ನೀರು ಎರಚುತ್ತಿದ್ದರು. ಕಚ್ಚೆ ಹಾಕಿದ ವಯಸ್ಸಾದ ಹೆಂಗಸೊಬ್ಬಳು ಹತ್ತಿರ ಹೋಗಿ ಕೊಡ ಸುರಿದು, ಹುಬ್ಬು ಸುಟ್ಟುಕೊಂಡು, ಮತ್ತೆ ತುಂಬಿಸಲು ಓಡುತ್ತಿದ್ದಳು. ಮೂವತ್ತೈದರ ಆಸುಪಾಸಿನ ಗಂಡಸೊಬ್ಬನನ್ನು ಇಬ್ಬರು ಹಿಂದಿನಿಂದ ತಬ್ಬಿ ಹಿಡಿದಿದ್ದರು. ಅವನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಅವನ ಹೆಂಡತಿ ಹೊಲದ ಬದುವಿನ ಮೇಲೆ ಪುಟ್ಟ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

"ಒಳಗ ಅವ್ವ ಅದಾಳ್ರಿ," ಎಂದ ಅವನು. ಕೂಗಲಿಲ್ಲ. ವಿಳಾಸ ಹೇಳುವವನಂತೆ ಹೇಳಿದ.

ಗಾಳಿಗೆ ಬೆನ್ನು ಕೊಟ್ಟು ನೀರಿನ ತುಂತುರು ಬಿಟ್ಟು ಮೊದಲು ಸೀಟಿನ ಭಾಗವನ್ನು ತಣಿಸಿದೆವು. ಆಮೇಲೆ ಕೆಳಗೆ ಹರಿದಿದ್ದ ಪೆಟ್ರೋಲಿನ ಮೇಲೆ ನೊರೆ ಹೊಡೆದೆವು. ಎಡಬದಿಯ ಹಿಂದಿನ ಬಾಗಿಲಿನ ಹೊರಹಿಡಿಕೆ ಕರಗಿ ಇಳಿದಿತ್ತು. ಸಬ್ಬಲು ಹಾಕಿ ತೆರೆದೆವು. ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಆಕೆ ಬಾಗಿಲಿನ ಕಡೆಗೆ ತಿರುಗಿ ಕೂತಿದ್ದಳು ಎಂಬುದಷ್ಟನ್ನು ಹೇಳಬೇಕು, ಏಕೆಂದರೆ ಮುಂದಿನ ದಿನಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೇ.

ಬೆಂಕಿ ಆರಿದ ಮೇಲೂ ಸುಟ್ಟ ಕಾರು ಬಹಳ ಹೊತ್ತು ಸದ್ದು ಮಾಡುತ್ತದೆ. ಕಾದ ತಗಡು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತದೆ. ಒಳಗಿನಿಂದ ಯಾರೋ ಉಗುರಿನಿಂದ ಬಡಿದಂತೆ. ಅಲ್ಲಿದ್ದವರೆಲ್ಲ ಸುಮ್ಮನೆ ನಿಂತು ಅದನ್ನು ಕೇಳಿಸಿಕೊಂಡರು.

ಬೆಂಕಿ ಹೇಗೆ ಹತ್ತಿತು ಎಂಬ ವರದಿ ನಾನು ಬರೆಯಬೇಕಿತ್ತು. ಅಲ್ಲಿ ನೆರೆದವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು, ಶಾರ್ಟ್ ಸರ್ಕ್ಯೂಟ್. ಹಳೆಯ ಕಾರು, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಟೇಪ್ ರೆಕಾರ್ಡರು, ಇನ್ನೇನು ಬೇಕು? ಅದನ್ನು ಕೂರಿಸಿದ ಬೆಟಗೇರಿಯ ಎಲೆಕ್ಟ್ರಿಷಿಯನ್ನನನ್ನು ಪೊಲೀಸರು ಕರೆಸಿ ಕೂರಿಸಿಕೊಂಡರು. ನಾನೂ ಹಾಗೇ ಬರೆದು ಮುಗಿಸಬಹುದಿತ್ತು.

ಮರುದಿನ ಗದಗಿನ ಆಸ್ಪತ್ರೆಗೆ ಹೋದೆ. ಕೈಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದವನು ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟವನು. ಶಿಗ್ಲಿಯ ಬೀಗರ ಮನೆಗೆ ಹೋಗಿ, ಊಟ ಮುಗಿಸಿ, ತಾಯಿ, ಹೆಂಡತಿ, ಮಗಳೊಂದಿಗೆ ವಾಪಸು ಬರುತ್ತಿದ್ದ. ಒಂದೊಂದೇ ಕೇಳಿದೆ.

"ಮೊದಲ ಏನ್ ಗೊತ್ತಾತು?"

"ವಾಸನಿರಿ. ಲಕ್ಷ್ಮೇಶ್ವರ ದಾಟಿದ ಮ್ಯಾಲ ನನ್ನ ಹೆಂಡ್ತಿ ಏನೋ ಸುಟ್ಟ ವಾಸನಿ ಬರಾಕತ್ತೈತಿ ಅಂದ್ಲು. ಹೊಲದಾಗ ಯಾರೋ ಕಸಾ ಸುಡಾಕತ್ತಾರ ಅಂದೆ. ಗ್ಲಾಸ್ ಏರಿಸಿ ಎ.ಸಿ. ಹಚ್ಚಿದೆ."

"ಎಂಥಾ ವಾಸನಿ? ರಬ್ಬರಿಂದೊ, ಪ್ಲಾಸ್ಟಿಕ್ಕಿಂದೊ?"

"ಅಲ್ರಿ. ಹುಲ್ಲಿಂದು."

ಯಳವತ್ತಿ ದಾಟಿದ ಮೇಲೆ ಬಾನೆಟ್ಟಿನ ಅಂಚಿನಿಂದ ಹೊಗೆ ಬಂತು. ಗಾಡಿಯನ್ನು ಬದಿಗೆ ನಿಲ್ಲಿಸಿದ. "ಕುಂದರ್ರಿ, ನೋಡ್ತೀನಿ" ಎಂದು ಮೂವರಿಗೂ ಹೇಳಿ ತಾನೊಬ್ಬನೇ ಇಳಿದು ಬಾನೆಟ್ಟು ಎತ್ತಿದ. ಒಳಗೆ ಗಾಳಿ ನುಗ್ಗಿ ಬೆಂಕಿ ಮುಖದ ಎತ್ತರಕ್ಕೆ ಎದ್ದಿತು. ಕುಡಿಯುವ ನೀರಿನ ಬಾಟಲಿ ಸುರಿದ. ಅಷ್ಟರಲ್ಲಿ ಹೆಂಡತಿ ಮುಂದಿನ ಬಾಗಿಲಿಂದ ಇಳಿದು, ಹಿಂದೆ ಕೂತಿದ್ದ ಮಗಳನ್ನು ಎರಡು ಸೀಟುಗಳ ನಡುವಿನ ಸಂದಿಯಿಂದ ಎಳೆದುಕೊಂಡಳು. ತಾಯಿಗೆ ಮೊಣಕಾಲು ನೋವು. ಆ ಸಂದಿಯಲ್ಲಿ ಆಕೆ ಬರುವಂತಿರಲಿಲ್ಲ.

"ನಾ ಓಡಿ ಬಂದು ಅವ್ವನ ಬಾಗಲಾ ಎಳದೆ. ಲಾಕ್ ಆಗಿತ್ತು. ಗಾಡಿ ಓಡಾಕ ಹತ್ತಿದ ಕೂಡ್ಲೆ ತಾನ ಲಾಕ್ ಆಗತೈತ್ರಿ ಅದು. ಗುಂಡಿ ಸರಸವ್ವಾ ಅಂತ ಒದರಿದೆ. ಕೇಳಿಸ್ತೊ ಇಲ್ಲೊ. ನನ್ನ ಬಾಗಲದಾಗಿನ ಸ್ವಿಚ್ ಒತ್ತಿದೆ, ಅದು ಸತ್ತಿತ್ತು. ಮುಂದಿನಿಂದ ಕೈ ಹಾಕಿದೆ, ಕೈ ಸುಟ್ತು. ಆಚೀ ಬಾಗಲಾ ಎಳದೆ, ಅದೂ ಬರಲಿಲ್ಲ. ಕಲ್ಲು ತಂದು ಗ್ಲಾಸ್ ಹೊಡದೆ. ನಟ್ಟನಡುವ ಹೊಡದೆ. ಒಡೀಲಿಲ್ಲ. ಒಡದಾಗ ಬೆಂಕಿ ಹೊರಗ ಬಂತು."

ವಾರ್ಡಿನ ಹೊರಗೆ ಅವನ ಅಕ್ಕ ನಿಂತಿದ್ದಳು. ಮುಂಡರಗಿಗೆ ಕೊಟ್ಟ ಹೆಣ್ಣುಮಗಳು. ತಮ್ಮನನ್ನು ನೋಡಲು ಒಳಗೆ ಹೋಗಿರಲಿಲ್ಲ. ನನ್ನನ್ನು ತಡೆದು ಹೇಳಿದಳು: "ಹೆಂಡ್ತಿನ್ನ ತಗದಾನ. ಮಗಳ್ನ ತಗದಾನ. ಅವ್ವನ್ನ ಬಿಟ್ಟಾನ. ಅದನ್ನ ಬರಕೋರಿ ಸಾಹೇಬ್ರ."

ಬೆಂಕಿಗೆ ಕಾರಣ ಬರೆಯುವುದಷ್ಟೇ ನನ್ನ ಕೆಲಸ ಎಂದೆ. "ಕಾರಣ ನಿಮಗ ನಾನ ಹೇಳಿದ್ನಲ್ಲ," ಎಂದು ಮುಖ ತಿರುಗಿಸಿದಳು.

ಪೊಲೀಸ್ ಠಾಣೆಯ ಹಿತ್ತಲಲ್ಲಿ ಕಾರನ್ನು ಮರದ ದಿಮ್ಮಿಗಳ ಮೇಲೆ ಏರಿಸಿ ಇಟ್ಟಿದ್ದರು. ಮೊದಲು ಟೇಪ್ ರೆಕಾರ್ಡರಿನ ತಂತಿಗಳನ್ನು ಹುಡುಕಿದೆ. ವಿದ್ಯುತ್ತಿನಿಂದಲೇ ಬೆಂಕಿ ಹತ್ತಿದ್ದರೆ ತಾಮ್ರ ಕರಗಿ ತುದಿಯಲ್ಲಿ ಸಾಸಿವೆ ಕಾಳಿನಂಥ ದುಂಡು ಮಣಿ ಕೂತಿರುತ್ತದೆ. ಈ ತಂತಿಗಳ ಮೇಲೆ ಅಂಥದ್ದೇನೂ ಇರಲಿಲ್ಲ. ಹೊರಗಿನ ಬೆಂಕಿಯಿಂದ ಹೊದಿಕೆ ಸುಟ್ಟು ಒಳಗಿನ ತಾಮ್ರ ಮೆತ್ತಗಾಗಿತ್ತು, ಅಷ್ಟೆ. ಬಾನೆಟ್ಟಿನೊಳಗೆ ಮಣಿಗಳಿದ್ದವು, ಆದರೆ ಅವು ಬೆಂಕಿ ಬಂದ ಮೇಲೆ ಆದವು. ಸುಟ್ಟ ಗುರುತು ಮೇಲಿನಿಂದ ಕೆಳಗೆ ಇಳಿದಿರಲಿಲ್ಲ, ಕೆಳಗಿನಿಂದ ಮೇಲಕ್ಕೆ ಹೋಗಿತ್ತು. ಎಂಜಿನ್ನಿನ ಎಡಗಡೆ, ಬುಡದಲ್ಲಿ, ತಗಡು ಬಿಳಿಚಿಕೊಂಡಿತ್ತು.

ಬೆನ್ನ ಮೇಲೆ ಮಲಗಿ ಕಾರಿನ ಕೆಳಗೆ ತೆವಳಿದೆ. ಎಂಜಿನ್ನಿನಿಂದ ಮುಂದಿನ ಗಾಲಿಗೆ ಹೋಗುವ ತಿರುಗುವ ದಂಡದ ಸುತ್ತ ಕಪ್ಪು ಹಗ್ಗದಂಥದ್ದೇನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಸುಟ್ಟ ರಬ್ಬರು ಅಂದುಕೊಂಡೆ. ಚೂರಿಯಿಂದ ಕೊಯ್ದಾಗ ಮೇಲಿನ ಪದರ ಬೂದಿಯಾಗಿ ಉದುರಿತು. ಕೆಳಗಿನದು ಇದ್ದಿಲು. ಅದರ ಕೆಳಗೆ, ಗಾಳಿಯೇ ಹೋಗದಷ್ಟು ಅದುಮಿಕೊಂಡ ಜಾಗದಲ್ಲಿ, ಕಂದು ಬಣ್ಣದ ಬಳ್ಳಿ ಸುಡದೆ ಉಳಿದಿತ್ತು. ಒಂದು ಕಾಯಿ ಬಿಡಿಸಿದೆ. ಹುರುಳಿ ಕಾಳು ಅಂಗೈಗೆ ಬಿತ್ತು.

ಹರವಿದ ಬಳ್ಳಿಯ ಮೇಲೆ ಕಾರು ಹೋದಾಗ ಒಂದೆರಡು ಎಳೆ ದಂಡಕ್ಕೆ ಸಿಕ್ಕುತ್ತವೆ. ಅವು ಮಿಕ್ಕದ್ದನ್ನು ಎಳೆದುಕೊಳ್ಳುತ್ತವೆ. ನೂಲು ಸುತ್ತಿದಂತೆ ಸುತ್ತುತ್ತ ಉಂಡೆ ದಪ್ಪವಾಗಿ ಪಕ್ಕದ ಸೈಲೆನ್ಸರ್ ಕೊಳವೆಗೆ ತಾಗುತ್ತದೆ. ಎಂಜಿನ್ನಿನ ಹತ್ತಿರ ಆ ಕೊಳವೆ ಒಣಹುಲ್ಲನ್ನು ಹೊತ್ತಿಸುವಷ್ಟು ಕಾದಿರುತ್ತದೆ. ಓಡುವಾಗ ಗಾಳಿಗೆ ಬರೀ ಹೊಗೆಯಾಡುತ್ತಿದ್ದದ್ದು ನಿಂತ ಕೂಡಲೇ ಉರಿಯಾಗಿ ಮೇಲೇಳುತ್ತದೆ. ಮೇಲೆ ಪ್ಲಾಸ್ಟಿಕ್ಕು, ತಂತಿ, ಪೆಟ್ರೋಲಿನ ರಬ್ಬರು ಕೊಳವೆ. ತಂತಿ ಸುಟ್ಟಿತೆಂದರೆ ಲಾಕಿನ ಸ್ವಿಚ್ಚೂ ಗ್ಲಾಸಿನ ಸ್ವಿಚ್ಚೂ ಸತ್ತಂತೆ.

ಎಲೆಕ್ಟ್ರಿಷಿಯನ್ನನನ್ನು ಅಂದೇ ಮನೆಗೆ ಕಳಿಸಿದರು. ನಾನು ಬಳ್ಳಿಯ ಚೂರನ್ನು ಚೀಟಿ ಹಚ್ಚಿ ಪೊಟ್ಟಣದಲ್ಲಿ ಹಾಕಿ, ಯಳವತ್ತಿಯ ಕಡೆಗೆ ಹೋದೆ. ಅಂದು ಕೊಡ ಹೊತ್ತು ಓಡಿದ್ದ ಹೆಂಗಸು ರಸ್ತೆಯ ಮೇಲೆ ಹುರುಳಿ ತಿರುವಿ ಹಾಕುತ್ತಿದ್ದಳು. ಸುಟ್ಟ ಹುಬ್ಬಿನ ಜಾಗ ಇನ್ನೂ ಕೆಂಪಗಿತ್ತು. ನಾನು ವಿಷಯ ಹೇಳಿದೆ. ಆಕೆ ಕೈಯ ಕವೆಗೋಲನ್ನು ನೆಲಕ್ಕೆ ಊರಿ ನಿಂತಳು.

"ಯಾರ ಹುರುಳಿ ಅಂತ ಹೇಳಾಕ ಬರತೈತೇನ್ರಿ?"

"ಇಲ್ಲಬೇ. ಶಿಗ್ಲಿಯಿಂದ ಇಲ್ಲಿತನಕ ಎಷ್ಟೋ ಮಂದಿ ಹಾಕ್ಯಾರ. ಯಾರದೂ ಇರಬಹುದು."

"ಹಂಗಾದ್ರ ನಂದೂ ಇರಬಹುದಲ್ಲ."

ಆಕೆ ರಸ್ತೆಯ ಮೇಲಿನ ಬಳ್ಳಿಯತ್ತ ನೋಡಿದಳು. "ಗಾಡಿ ಹೋದ್ರ ಒಕ್ಕಿದಂಗ ಆಗತೈತಿ ಅಂತ ಎಲ್ಲಾರೂ ಹಾಕ್ತೀವ್ರಿ. ಗಾಡಿಯೊಳಗ ಮಂದಿ ಇರತಾರ ಅನ್ನೂದು ಗೊತ್ತಿಲ್ಲಂತೇನಲ್ಲ," ಎಂದು ಆಕೆ ತನಗೆ ತಾನೇ ಹೇಳಿಕೊಂಡು ಹುರುಳಿಯನ್ನು ರಸ್ತೆಯಿಂದ ಕೆಳಗೆ ದೂಡತೊಡಗಿದಳು. ಅಷ್ಟೂ ದೂಡುವವರೆಗೆ ತಲೆ ಎತ್ತಲಿಲ್ಲ.

ಆ ದಿನಗಳಲ್ಲಿ ಶಿರಹಟ್ಟಿಯ ಟಂಟಂ ಆಟೋ ನಿಲ್ದಾಣ, ಮುಂಡರಗಿಯ ಬಸ್ ನಿಲ್ದಾಣದ ಎದುರು, ಗದಗಿನ ಟ್ಯಾಕ್ಸಿಯವರ ಗುಂಪು, ಎಲ್ಲೆಡೆ ಹೋಗಿ ಮಾತಾಡಿದೆ. ಬಳ್ಳಿ ಹರವಿದ ಕಡೆ ಸಾಧ್ಯವಾದರೆ ಪಕ್ಕದಿಂದ ಹೋಗಿ. ಮೇಲೆಯೇ ಹೋಗಬೇಕಾದರೆ ದಾಟಿದ ಮೇಲೆ ಬರಿ ನೆಲದಲ್ಲಿ ನಿಂತು ಕೆಳಗೆ ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಅದು ನಿಮ್ಮ ಗಾಡಿಯದೇ ಎಂದು ತಿಳಿಯಿರಿ. ನಿಲ್ಲಿಸಿ, ಎಂಜಿನ್ ಆರಿಸಿ, ಮೊದಲು ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಹೊಗೆ ಬರುವ ಬಾನೆಟ್ಟನ್ನು ಎತ್ತಬೇಡಿ. ಬೆಂಕಿ ಆರಿಸುವ ಸಿಲಿಂಡರನ್ನು ಡಿಕ್ಕಿಯಲ್ಲಿಡದೆ ಸೀಟಿನ ಕೈಯಳತೆಯಲ್ಲಿ ಇಡಿ. ಗ್ಲಾಸ್ ಒಡೆಯಬೇಕಾದರೆ ನಡುವೆ ಹೊಡೆಯಬೇಡಿ, ಮೂಲೆಗೆ ಹೊಡೆಯಿರಿ. ಜನ ತಲೆಯಾಡಿಸುತ್ತಿದ್ದರು. ನಾನು "ಮೊದಲು ಇಳಿಸಿ" ಎನ್ನುವಾಗಲೆಲ್ಲ ನನ್ನ ಕಿವಿಯಲ್ಲಿ "ಕುಂದರ್ರಿ, ನೋಡ್ತೀನಿ" ಎಂಬ ಅವನ ದನಿ ಕೇಳುತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ, ಈ ಕೆಲಸದಲ್ಲಿ ಇರದಿದ್ದರೆ, ಅದನ್ನೇ ಹೇಳುತ್ತಿದ್ದೆ.

ಬೆಂಕಿಯ ಕಾರಣ ಸಿಕ್ಕಿತ್ತು. ಆದರೂ ವರದಿಗೆ ಸಹಿ ಹಾಕಲಾಗಲಿಲ್ಲ. ಆಕೆ ಬಾಗಿಲಿನ ಕಡೆಗೆ ತಿರುಗಿ ಕೂತಿದ್ದಳು. ಏನು ಮಾಡುತ್ತಿದ್ದಳು?

ಮತ್ತೆ ಹೋಗಿ ಎಡಬದಿಯ ಹಿಂದಿನ ಬಾಗಿಲನ್ನು ಬಿಚ್ಚಿದೆ. ಅದರ ಅಂಚಿನಲ್ಲಿ, ಬಾಗಿಲು ತೆರೆದಾಗ ಮಾತ್ರ ಕಾಣುವಂತೆ, ಒಂದು ಸಣ್ಣ ಕೊಕ್ಕೆ ಇರುತ್ತದೆ. ಮಕ್ಕಳು ಒಳಗಿನಿಂದ ಬಾಗಿಲು ತೆರೆಯದಂತೆ ಹಾಕುವ ಲಾಕು. ಅದನ್ನು ಹಾಕಿದರೆ ಒಳಹಿಡಿಕೆ ಎಷ್ಟು ಎಳೆದರೂ ಬಾಗಿಲು ತೆರೆಯುವುದಿಲ್ಲ. ಹೊರಹಿಡಿಕೆಯಿಂದ ತೆರೆಯುತ್ತದೆ. ಆ ಕೊಕ್ಕೆ ಹಾಕಿದ ಸ್ಥಿತಿಯಲ್ಲೇ ಬೆಂದು ಕೂತಿತ್ತು. ಮಗಳು ದಿನವೂ ಕೂರುವ ಜಾಗ ಅದು. ಅವತ್ತು ಅಜ್ಜಿ ಕೂತಿದ್ದಳು.

ಇಷ್ಟೇ ಆಗಿದ್ದರೆ ಬೇರೆ ಮಾತು. ಒಳಗಿನ ಲಾಕ್ ಗುಂಡಿ ಕರಗಿ ಹೋಗಿತ್ತು, ಆದರೆ ಅದು ಎಳೆಯುವ ಉಕ್ಕಿನ ಸರಳು ಉಳಿದಿತ್ತು. ಅದು ಇದ್ದ ಜಾಗ ನೋಡಿ ನನಗೆ ಅನುಮಾನ ಬಂತು. ಗದಗಿನ ಗುಜರಿ ಅಂಗಡಿಯಿಂದ ಅದೇ ಮಾದರಿಯ ಬಾಗಿಲೊಂದನ್ನು ತರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಲಾಕ್ ಹಾಕಿದಾಗ ಸರಳು ಎಲ್ಲಿರುತ್ತದೆ, ತೆಗೆದಾಗ ಎಲ್ಲಿ ಎಂದು ಮತ್ತೆ ಮತ್ತೆ ಅಳೆದೆ. ಶಾಖಕ್ಕೆ ತಾನಾಗಿ ಸರಿಯುವುದೇನೋ ಎಂದು ಬಲಬದಿಯ ಬಾಗಿಲನ್ನೂ ಬಿಚ್ಚಿ ನೋಡಿದೆ. ಅಲ್ಲಿ ಸರಳು ಲಾಕ್ ಹಾಕಿದ ಜಾಗದಲ್ಲೇ ಇತ್ತು. ಎಡಬದಿಯದು ಮಾತ್ರ ಲಾಕ್ ತೆಗೆದ ಜಾಗದಲ್ಲಿತ್ತು.

ಮಗನ ಕೂಗು ಆಕೆಗೆ ಕೇಳಿಸಿತ್ತು. ಆಕೆ ಗುಂಡಿ ಸರಿಸಿದ್ದಳು. ಒಳಹಿಡಿಕೆ ಎಳೆದಿರಬೇಕು, ಕೊಕ್ಕೆಯಿಂದಾಗಿ ಅದು ತೆರೆಯಲಿಲ್ಲ. ಆ ಹೊತ್ತಿನಲ್ಲಿ ಹೊರಗಿನಿಂದ ಯಾರಾದರೂ ಇನ್ನೊಮ್ಮೆ ಎಳೆದಿದ್ದರೆ ಬಾಗಿಲು ತೆರೆಯುತ್ತಿತ್ತು.

ಆ ಹಿತ್ತಲಲ್ಲಿ ನಾನು ಎಷ್ಟು ಹೊತ್ತು ಕೂತಿದ್ದೆನೋ. ಬಾಗಿಲಿನ ವಿಷಯ ಬೆಂಕಿಯ ಕಾರಣಕ್ಕೆ ಸೇರಿದ್ದಲ್ಲ, ಬಿಟ್ಟರೆ ಯಾರೂ ಕೇಳುವುದಿಲ್ಲ. ಬರೆದರೆ ಅಕ್ಕನ ಮಾತಿಗೆ ಸಾಕ್ಷಿ ಕೊಟ್ಟಂತೆ. ಬರೆಯದಿದ್ದರೆ ಆ ಕೊಕ್ಕೆ ಇನ್ನೆಷ್ಟೋ ಕಾರುಗಳಲ್ಲಿ ಯಾರಿಗೂ ಗೊತ್ತಾಗದೆ ಹಾಗೇ ಕೂತಿರುತ್ತದೆ. ಬರೆಯುವುದೆಂದು ತೀರ್ಮಾನಿಸಿದೆ. ಆದರೆ ಅವನು ಅದನ್ನು ಯಾವುದೋ ಕಚೇರಿಯ ಕಾಗದದಲ್ಲಿ ಓದಬಾರದು, ನಾನೇ ಹೇಳಬೇಕು ಎಂದುಕೊಂಡೆ. ಬೇರೆ ಯಾವ ಬೆಂಕಿಯಲ್ಲೂ ನಾನು ಹಾಗೆ ಮಾಡಿರಲಿಲ್ಲ.

ಅವನನ್ನು ನಮ್ಮ ಠಾಣೆಗೆ ಬರಹೇಳಿದೆ. ಒಬ್ಬನೇ ಬರುತ್ತಾನೆ ಅಂದುಕೊಂಡಿದ್ದೆ. ಅಕ್ಕನೂ ಬಂದಿದ್ದಳು, ಬೇರೆ ಬಸ್ಸಿನಲ್ಲಿ. ಪೊಲೀಸರಿಂದ ಖಬರ ತಿಳಿದಿತ್ತಂತೆ. ಇಬ್ಬರೂ ನನ್ನ ಮೇಜಿನ ಎದುರು ದೂರ ದೂರ ಕೂತರು. ನಾನು ಹುರುಳಿಯ ವಿಷಯ ಹೇಳಿದೆ, ಕೊಕ್ಕೆಯದು ಹೇಳಿದೆ, ಕೊನೆಗೆ ಗುಂಡಿಯದು ಹೇಳಿದೆ.

ಅವನು ಅಳಲಿಲ್ಲ. "ನಾ ಇನ್ನೊಮ್ಮೆ ಎಳೀಲೇ ಇಲ್ರಿ," ಎಂದ. "ಕಲ್ಲು ತಂದಿದ್ದೆ. ಕೈಯಾಗ ಕಲ್ಲಿತ್ತು, ಹಿಡಿಕಿ ನೆನಪಾಗಲಿಲ್ಲ."

ಅಕ್ಕ ನನ್ನ ಕಡೆ ತಿರುಗಿ ಕೇಳಿದಳು: "ಅಂಥಾ ಕಾರು ಇಲ್ಲಿ ಐತೇನ್ರಿ?"

ನಮ್ಮ ಸಿಬ್ಬಂದಿಯೊಬ್ಬರ ಕಾರು ಅದೇ ಮಾದರಿಯದು, ಅಂಗಳದಲ್ಲಿ ನಿಂತಿತ್ತು. ಎದ್ದು ಹೊರಗೆ ನಡೆದಳು. ಹಿಂದಿನ ಬಾಗಿಲು ತೆರೆಸಿ ಎಡಬದಿಯಲ್ಲಿ ಕೂತಳು. "ಆ ಕೊಕ್ಕೆ ಹಾಕ್ರಿ. ಲಾಕ್ ಮಾಡ್ರಿ," ಎಂದಳು. ಬೇಡ ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಕೊಕ್ಕೆ ಹಾಕಿ, ಬಾಗಿಲು ಮುಚ್ಚಿ, ಕೀಲಿಯ ಗುಂಡಿ ಒತ್ತಿದೆ. ತಮ್ಮ ಬಾಗಿಲಿನ ಎದುರು ನಿಂತಿದ್ದ.

ಒಳಗೆ ಆಕೆಯ ಭುಜ ಅಲುಗಿತು. ಆಮೇಲೆ ಏನನ್ನೋ ಎಳೆದಳು. ಮತ್ತೊಮ್ಮೆ, ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದಳು. ಬಾಗಿಲು ತೆರೆಯಲಿಲ್ಲ. ಗ್ಲಾಸಿಗೆ ಮುಖ ತಂದಳು. ಬಿಸಿಲಿಗೆ ಗ್ಲಾಸಿನಲ್ಲಿ ತಮ್ಮನ ಮುಖವೂ ಬಿದ್ದಿತ್ತು, ಎರಡೂ ಒಂದರ ಮೇಲೊಂದು ಕೂತಿದ್ದವು.

"ತಮ್ಮಾ, ತಗಿಯೋ," ಎಂದಳು. ದನಿ ಬಾವಿಯೊಳಗಿಂದ ಬಂದಂತಿತ್ತು.

ಅವನ ಸುಟ್ಟ ಕೈ ಹಿಡಿಕೆಯ ಮೇಲೆ ಹೋಗಿ ನಿಂತುಬಿಟ್ಟಿತು. ನಾನು ಮುಂದೆ ಹೆಜ್ಜೆ ಇಟ್ಟೆ, ಮತ್ತೆ ನಿಂತೆ. ಅದು ನಾನು ತೆರೆಯಬೇಕಾದ ಬಾಗಿಲಲ್ಲ ಅನ್ನಿಸಿತು. ಅವನು ಎಳೆದ. ಸಣ್ಣ ಸದ್ದಿನೊಂದಿಗೆ ಅದು ತೆರೆದುಕೊಂಡಿತು, ಯಾವ ಬಲವೂ ಬೇಕಾಗಲಿಲ್ಲ.

ಅಕ್ಕ ಇಳಿಯಲಿಲ್ಲ. ಅಲ್ಲೇ ಕೂತು ಕೇಳಿದಳು. "ನಾ ಗುಂಡಿ ಸರಸಿದ್ದು ಕಂಡಿತೇನು ನಿನಗ?"

"ಇಲ್ಲಕ್ಕಾ."

"ನಿಮಗರ ಕಂಡಿತೇನ್ರಿ ಸಾಹೇಬ್ರ?"

ನನಗೂ ಕಂಡಿರಲಿಲ್ಲ. ಗುಂಡಿ ಗ್ಲಾಸಿನ ಮಟ್ಟಕ್ಕಿಂತ ಕೆಳಗೆ, ಒಳಹಿಡಿಕೆಯ ಪಕ್ಕದಲ್ಲಿದೆ. ಹಗಲು ಬೆಳಕಲ್ಲಿ, ಹೊಗೆಯಿಲ್ಲದೆ, ಅದನ್ನೇ ನೋಡಬೇಕೆಂದು ನಿಂತಿದ್ದ ನನಗೇ ಕಾಣಲಿಲ್ಲ. ಹಾಗೆಂದು ಹೇಳಿದೆ. ಆಕೆ ತಲೆಯಾಡಿಸಿದಳು. ನನ್ನ ವರದಿಯಲ್ಲಿ ಆ ಮಾತು ಇರಲಿಲ್ಲ. ಅಂದು ಸಂಜೆ ಸೇರಿಸಿದೆ.

ಆಕೆ ತಮ್ಮನನ್ನು ಇನ್ನೊಂದು ಕೇಳಿದಳು. ನಾನು ಅವನನ್ನು ಅಷ್ಟೆಲ್ಲ ಕೇಳಿದ್ದೆ, ಇದನ್ನು ಕೇಳಿರಲಿಲ್ಲ.

"ಅವ್ವ ಏನರ ಅಂದ್ಲೇನೊ?"

"ಕೇಳಿಸಲಿಲ್ಲ. ಗ್ಲಾಸಿನ್ಯಾಗ ಕೈ ಮಾಡಿದ್ಲು. ಬಾ ಅಂದ್ಲೊ ಏನಂದ್ಲೊ ತಿಳೀಲಿಲ್ಲ. ಬಾ ಅಂತನ ಕರದಿರಬೇಕು. ದಿನಾ ಅದ ಕಣ್ಣಾಗ ಬರತೈತಿ."

"ಹೆಂಗ ಮಾಡಿದ್ಲು? ಮಾಡಿ ತೋರ್ಸು."

ಅವನು ಪಟ್ಟಿ ಸುತ್ತಿದ ಕೈಯನ್ನೆತ್ತಿದ. ಅಂಗೈ ನಮ್ಮ ಕಡೆಗಿತ್ತು. ಎರಡು ಸಲ ಮುಂದಕ್ಕೆ ತಳ್ಳಿದ.

ಅಕ್ಕ ಆ ಕೈಯನ್ನೇ ನೋಡಿದಳು. "ನಾ ಗಂಡನ ಮನಿಗೆ ಹೊಂಟಾಗ ಪ್ರತಿಸಲ ಹೊಸ್ತಲದಾಗ ನಿಂತು ಹಿಂಗ ಮಾಡತಿದ್ಲು," ಎಂದಳು. "ಹೊತ್ತಾಗತೈತಿ, ಕೂಸಿನ್ನ ಕರಕೊಂಡ ಹೋಗು ಅಂತ. ಬಾ ಅನ್ನಾಕ ಎಂದೂ ಹಿಂಗ ಮಾಡಿಲ್ಲ. ಹೋಗು ಅಂದಾಳೋ ನಿನಗ."

ಅವನು ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕಾರಿನ ಪಕ್ಕ ನೆಲಕ್ಕೆ ಕೂತ. ಅಕ್ಕ ಸೀಟಿನಿಂದ ಬಾಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಬಾಗಿಲು ತೆರೆದೇ ಇತ್ತು. ಅವರು ಹೋದ ಮೇಲೂ ಅದನ್ನು ಮುಚ್ಚಲು ನನಗೆ ಮನಸ್ಸಾಗಲಿಲ್ಲ.